ಬಿಸಿಲಿನ ದಿನ ಪುಟ್ಟ ಮಕ್ಕಳನ್ನು ಹೊರಗೆ ಆಡಲು ಬಿಡಬಹುದೇ?

ಖಂಡಿತ ಬಿಡಿ, ಆದರೆ ಹೊತ್ತು ನೋಡಿಕೊಂಡು. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನೇರಳಾತೀತ ಕಿರಣಗಳು ಜೋರಾಗಿರುತ್ತವೆ. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿ ಬಿದ್ದರೆ ಮರದಡಿಗೆ ಕರೆಯಿರಿ.

ಹೆಚ್ಚಿನವರು ಗಮನಿಸದೇ ಇರುವುದು ಜಾರುಬಂಡೆಯನ್ನು. ಕಾದ ಲೋಹವಷ್ಟೇ ಅಲ್ಲ, ಪ್ಲಾಸ್ಟಿಕ್, ರಬ್ಬರ್ ನೆಲಹಾಸು ಕೂಡ ಎಳೆ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲವು. ಎರಡು ವರ್ಷದೊಳಗಿನ ಕೂಸು ಸುಟ್ಟರೂ ಥಟ್ಟನೆ ಎದ್ದು ಬರದೆ ಅಲ್ಲೇ ಕೂತು ಅಳಬಹುದು. ಹತ್ತಿಸುವ ಮುನ್ನ ದಯವಿಟ್ಟು ನಿಮ್ಮ ಕೈಯಿಟ್ಟು ನೋಡಿ.

ಆಟದ ಗುಂಗಿನಲ್ಲಿ ಮಕ್ಕಳಿಗೆ ಬಾಯಾರಿಕೆಯ ನೆನಪೇ ಇರುವುದಿಲ್ಲ; 15–20 ನಿಮಿಷಕ್ಕೊಮ್ಮೆ ನೀವೇ ಕರೆದು ನೀರು ಕುಡಿಸಿ. ಅಗಲ ಅಂಚಿನ ಟೋಪಿ, ಸಡಿಲವಾದ ಹತ್ತಿ ಬಟ್ಟೆ ಇರಲಿ. ಆರು ತಿಂಗಳೊಳಗಿನ ಶಿಶುವನ್ನು ಮಾತ್ರ ನೆರಳಲ್ಲೇ ಇರಿಸಿಕೊಳ್ಳಿ.