ಕಾಲೇಜು ಫುಟ್‌ಬಾಲ್: ಗೆಲ್ಲಿಸುವುದು ಕೋಚೋ, ಕಾಸೋ?

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಮಗಳು ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಮನೆಯಲ್ಲಿ ಶನಿವಾರವೆಂದರೆ ಅಮೆರಿಕನ್ ಫುಟ್‌ಬಾಲ್. ದುಡ್ಡು ಸುರಿದ ಕಾಲೇಜೇ ಗೆಲ್ಲುತ್ತದೆ ಎನ್ನುವುದು ನನ್ನ ವಾದ. ಎಲ್ಲವೂ ಕೋಚ್ ಕೈಯಲ್ಲಿದೆ ಎನ್ನುತ್ತಾಳೆ ಮಗಳು. ಯಾರು ಹೇಳುವುದು ಸರಿ?
– ಓದುಗರೊಬ್ಬರು, ಹ್ಯೂಸ್ಟನ್

ಉತ್ತರ: ಈ ವಾದದ ಅತಿ ದುಬಾರಿ ಪ್ರಯೋಗ ನಡೆದದ್ದು ನಿಮ್ಮ ಮಗಳ ಕಾಲೇಜಿನಲ್ಲೇ. 2017ರ ಡಿಸೆಂಬರ್‌ನಲ್ಲಿ ಎ ಆ್ಯಂಡ್ ಎಂ ಜಿಂಬೊ ಫಿಶರ್ ಅವರನ್ನು ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಅವರು ಸಾಮಾನ್ಯರಲ್ಲ, 2013ರಲ್ಲಿ ಫ್ಲಾರಿಡಾ ಸ್ಟೇಟ್ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದವರು. ಲಕ್ಷಕ್ಕೂ ಹೆಚ್ಚು ಜನ ಕೂರುವ ಕೈಲ್ ಫೀಲ್ಡ್ ಅಷ್ಟರಲ್ಲಿ ಹೊಸದಾಗಿ ಸಜ್ಜಾಗಿತ್ತು. 2022ರಲ್ಲಿ ಹೈಸ್ಕೂಲು ಆಟಗಾರರನ್ನು ಸೆಳೆಯುವುದರಲ್ಲೂ ಆ ಕಾಲೇಜು ದೇಶಕ್ಕೇ ಮೊದಲಾಯಿತು.

ಆ ವರ್ಷದ ಸೆಪ್ಟೆಂಬರ್ 10ರ ಶನಿವಾರ ಏನಾಯಿತು ನೋಡಿ. ಸೀಸನ್ ಆರಂಭದಲ್ಲಿ ದೊಡ್ಡ ಕಾಲೇಜುಗಳು ಸಣ್ಣ ಕಾಲೇಜುಗಳಿಗೆ ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿಕೊಳ್ಳುವ ಪದ್ಧತಿಯಿದೆ. ಕರೆದವರಿಗೆ ಸುಲಭದ ಗೆಲುವು, ಬಂದವರಿಗೆ ವರ್ಷದ ಖರ್ಚಿಗೊಂದಿಷ್ಟು ಕಾಸು. ಹಾಗೆ 15 ಲಕ್ಷ ಡಾಲರ್ ಪಡೆದು ಬಂದ ಅಪಲಾಚಿಯನ್ ಸ್ಟೇಟ್ ತಂಡ, ಆತಿಥೇಯರನ್ನು ಅವರ ಅಂಗಳದಲ್ಲೇ 17–14ರಿಂದ ಸೋಲಿಸಿ, ಚೆಕ್ಕನ್ನೂ ಜೇಬಿಗಿಳಿಸಿ ಹೊರಟಿತು. ಆ ಸೀಸನ್‌ನಲ್ಲಿ ಎ ಆ್ಯಂಡ್ ಎಂ ಐದು ಪಂದ್ಯ ಗೆದ್ದು ಏಳು ಸೋತಿತು. ಮರುವರ್ಷ ನವೆಂಬರ್‌ನಲ್ಲಿ ಫಿಶರ್ ಅವರನ್ನು ಮನೆಗೆ ಕಳಿಸಿದಾಗ, ಉಳಿದ ಒಪ್ಪಂದದ ಬಾಬ್ತು ಸುಮಾರು 7.6 ಕೋಟಿ ಡಾಲರ್ ತೆರಬೇಕಾಗಿ ಬಂತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಹಾಗಾದರೆ ಮಗಳೇ ಗೆದ್ದಳೇ? ಅವಸರ ಬೇಡ. ಎ ಆ್ಯಂಡ್ ಎಂ ಕೊಂಡದ್ದು ಕೋಚ್‌ನ ಹಳೆಯ ಹೆಸರನ್ನು. ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ, ಕಸುಬಿನ ಬೆಲೆ ಅಲ್ಲಿ ಅಷ್ಟು ಬೇಗ ತಿಳಿಯುವುದಿಲ್ಲ.

ಕಸುಬು ಕಾಣಬೇಕೆಂದರೆ ಇಂಡಿಯಾನಾಕ್ಕೆ ಹೋಗಬೇಕು. ಉನ್ನತ ವಿಭಾಗದ ಚರಿತ್ರೆಯಲ್ಲೇ ಅತಿ ಹೆಚ್ಚು ಸೋಲು ಕಂಡ ಕುಖ್ಯಾತಿ ಹೊತ್ತಿದ್ದ ತಂಡ ಅದು. 2023ರಲ್ಲಿ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಆಗ ಬಂದವರು ಕರ್ಟ್ ಸಿಗ್ನೆಟಿ. ಅಲಬಾಮಾದಂಥ ತಂಡದ ಸಹಾಯಕ ಕೋಚ್ ಹುದ್ದೆ ಬಿಟ್ಟು, ಎರಡನೇ ವಿಭಾಗದ ಸಣ್ಣ ಕಾಲೇಜಿನಿಂದ ಮುಖ್ಯ ಕೋಚ್ ವೃತ್ತಿ ಆರಂಭಿಸಿದ್ದವರು. ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ತಾವೇ ಪಳಗಿಸಿದ್ದ ಹತ್ತಕ್ಕೂ ಹೆಚ್ಚು ಹುಡುಗರನ್ನು ಜೊತೆಗೆ ಕರೆತಂದರು. ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದಿದ್ದವರು ಅವರು. ಮೊದಲ ವರ್ಷ 11 ಗೆಲುವು, 2 ಸೋಲು. ಎರಡನೇ ವರ್ಷ ಒಂದೂ ಸೋಲದೆ 16 ಗೆಲುವು, 2026ರ ಜನವರಿಯಲ್ಲಿ ಮಯಾಮಿಯನ್ನು 27–21ರಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ.

ಇಲ್ಲಿ ಮಗಳು ಚಪ್ಪಾಳೆ ತಟ್ಟುವ ಮೊದಲು ನೀವು ಒಂದು ಮಾತು ಹೇಳಬಹುದು. ಸಿಗ್ನೆಟಿಗೆ ಕುರ್ಚಿ ಖಾಲಿ ಮಾಡಲು ಹಿಂದಿನ ಕೋಚ್‌ಗೆ ಇಂಡಿಯಾನಾ ಒಂದೂವರೆ ಕೋಟಿ ಡಾಲರ್ ಪರಿಹಾರ ಒಪ್ಪಿಕೊಂಡಿತ್ತು. 2025ರ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್‌ನ ಕೋಚ್ ಹುದ್ದೆ ತೆರವಾಯಿತು, ಸಿಗ್ನೆಟಿ ಪೆನ್ಸಿಲ್ವೇನಿಯಾದವರು. ಅದೇ ವಾರ ಇಂಡಿಯಾನಾ ಅವರ ವಾರ್ಷಿಕ ಸಂಬಳವನ್ನು ಸುಮಾರು 1 ಕೋಟಿ 16 ಲಕ್ಷ ಡಾಲರ್‌ಗೆ ಏರಿಸಿತು. ಅಷ್ಟು ಕೊಡುವ ಶಕ್ತಿ ಇಲ್ಲದವರ ಗತಿ ಬೊಯ್ಸಿ ಸ್ಟೇಟ್‌ನದು. ಸೀಸನ್ ಕೊನೆಗೆ ನಡೆಯುವ ದೊಡ್ಡ ಪಂದ್ಯಗಳಲ್ಲೊಂದಾದ 2007ರ ಫಿಯೆಸ್ಟಾ ಬೌಲ್‌ನ ಹೆಚ್ಚುವರಿ ಅವಧಿ, ಎದುರಿಗೆ ಬಲಾಢ್ಯ ಒಕ್ಲಹೋಮಾ, ಒಂದು ಅಂಕದ ಹಿನ್ನಡೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಬಲಗೈಯಲ್ಲಿ ಬಲಕ್ಕೆ ಎಸೆಯುವಂತೆ ನಟಿಸಿದ. ಚೆಂಡು ಮಾತ್ರ ಎಡಗೈಯಲ್ಲಿ, ಬೆನ್ನ ಹಿಂದೆ. ಅದನ್ನು ಕಸಿದುಕೊಂಡ ಸಂಗಾತಿ ಎಡಕ್ಕೆ ಓಡಿ ಎರಡು ಅಂಕ ಗಳಿಸಿದ. 43–42. ಎದುರಾಳಿಗಳು ಇನ್ನೂ ಬಲಕ್ಕೇ ನೋಡುತ್ತಿದ್ದರು. ಅಂಥ ಆಟ ಕಲಿಸಿದ ಕ್ರಿಸ್ ಪೀಟರ್ಸನ್, 2013ರ ಕೊನೆಯಲ್ಲಿ ತಮ್ಮ ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಲೀಗಿನ ವಾಷಿಂಗ್ಟನ್‌ಗೆ ಹೋದರು.

ಆದ್ದರಿಂದ ಒಂದೆರಡು ಸೀಸನ್‌ನ ಲೆಕ್ಕವಾದರೆ ನಾನು ಮಗಳ ಪಕ್ಷ. ಹದಿನೈದು ವರ್ಷದ ಲೆಕ್ಕವಾದರೆ ನಿಮ್ಮ ಪಕ್ಷ. ನಿಮಗೆ ಇನ್ನೊಂದು ಸಾಕ್ಷಿಯನ್ನೂ ಕೊಡುತ್ತೇನೆ: ಟೆಕ್ಸಸ್ ಟೆಕ್. ಅಲ್ಲಿ 2022ರಿಂದಲೂ ಜೋಯಿ ಮೆಗ್ವಾಯರ್ ಅವರೇ ಕೋಚ್, ವರ್ಷಕ್ಕೆ ಏಳೆಂಟು ಗೆಲುವು. ಆಟಗಾರರಿಗೆ ಕಾನೂನುಬದ್ಧವಾಗಿಯೇ ಹಣ ಕೊಡುವ ಕಾಲ ಬಂದು, ತೈಲದ ದುಡ್ಡಿನ ಹಳೆಯ ವಿದ್ಯಾರ್ಥಿಯೊಬ್ಬರ ಥೈಲಿ ಬಿಚ್ಚಿತು ನೋಡಿ, 2025ರಲ್ಲಿ ತಂಡ ಮೊದಲ ಬಾರಿಗೆ ಬಿಗ್ 12 ಲೀಗ್ ಗೆದ್ದಿತು. ಕೋಚ್ ಅವರೇ, ಬದಲಾದದ್ದು ಹಣ. ಆಮೇಲೆ ಆರೆಂಜ್ ಬೌಲ್‌ನಲ್ಲಿ ಆರೆಗಾನ್ ಎದುರು 23–0ರಿಂದ ಮುಗ್ಗರಿಸಿತು, ಅದನ್ನು ಮಗಳಿಗೆ ಹೇಳಬೇಡಿ. ಆರೆಗಾನ್ ಬೆನ್ನಿಗೂ ನೈಕಿ ಕಂಪನಿಯ ಸಂಸ್ಥಾಪಕ ಫಿಲ್ ನೈಟ್ ಅವರ ದುಡ್ಡಿದೆ, ಅದನ್ನು ಬೇಕಾದರೆ ಹೇಳಿ.

ಫಿಶರ್ ಹೋದ ಮೇಲೆ ಎ ಆ್ಯಂಡ್ ಎಂ ಕರೆತಂದದ್ದು ಹಿಂದೆ ಅವರ ಕೈಕೆಳಗೇ ರಕ್ಷಣಾ ವಿಭಾಗ ನೋಡಿಕೊಂಡಿದ್ದ ಮೈಕ್ ಎಲ್ಕೊ ಅವರನ್ನು. ಮೈದಾನ ಅದೇ, ದಾನಿಗಳೂ ಅವರೇ. 2025ರಲ್ಲಿ ಸತತ 11 ಪಂದ್ಯ ಗೆದ್ದು ತಂಡ ಮೊದಲ ಬಾರಿಗೆ ಪ್ಲೇಆಫ್, ಅಂದರೆ ರಾಷ್ಟ್ರೀಯ ಪ್ರಶಸ್ತಿ ತೀರ್ಮಾನಿಸುವ ಸುತ್ತು, ತಲುಪಿತು. ಡಿಸೆಂಬರ್ 20ರಂದು ಕೈಲ್ ಫೀಲ್ಡ್‌ನಲ್ಲಿ ಮಯಾಮಿ ಎದುರು 10–3ರ ಸೋಲು. ಕೊನೆಯ ಅರ್ಧ ನಿಮಿಷದಲ್ಲಿ, ಗೋಲಿನ ಗೆರೆಗೆ ನಾಲ್ಕು ಹೆಜ್ಜೆ ಇರುವಾಗ, ಎಸೆದ ಚೆಂಡು ಎದುರಾಳಿಯ ಕೈ ಸೇರಿತು. ಆ ಚೆಂಡನ್ನು ಕೋಚ್ ಖಾತೆಗೆ ಬರೆಯಬೇಕೋ ಕಾಸಿನ ಖಾತೆಗೋ, ಅಪ್ಪ ಮಗಳು ಕೂತು ತೀರ್ಮಾನಿಸಿಕೊಳ್ಳಿ.