ಗಿಡ, ಮರ ಮತ್ತು ಗೂಬೆ

ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: 'ಸೊಸೆ ಪುಣೆಯವಳು. ಐದು ವರ್ಷದ ಮೊಮ್ಮಗಳು ಕನ್ನಡ, ಮರಾಠಿ ಎರಡನ್ನೂ ಪಟಪಟ ಆಡುತ್ತಾಳೆ. ನಾನು 64ನೇ ವಯಸ್ಸಿನಲ್ಲಿ ಮರಾಠಿ ಹಿಡಿದೆ. ವ್ಯಾಕರಣದ ಪುಸ್ತಕ ಎರಡು ಸಲ ಮುಗಿಸಿದೆ. ಬಾಯಿ ತೆರೆದರೆ ಅವಳು ನಗುತ್ತಾಳೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಬಿಟ್ಟುಬಿಡಲೇ?'

ಸಂಪಾದಕರ ಉತ್ತರ:

ಬಿಡಬೇಡಿ ಮೇಷ್ಟ್ರೇ. ಗಾದೆ ಅರ್ಧ ನಿಜ. ಮೊದಲು ಆ ಅರ್ಧ ಒಪ್ಪಿಕೊಳ್ಳೋಣ.

ಕೆನಡಾದ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ, ಟ ಕೇಳಿಸಿದರು. ಇದು 1984ರಲ್ಲಿ ಪ್ರಕಟವಾದ ಪ್ರಯೋಗ. ಆರೆಂಟು ತಿಂಗಳ ಕೂಸುಗಳಿಗೆ ವ್ಯತ್ಯಾಸ ಗೊತ್ತಾಯಿತು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಗೊತ್ತಾಗಲಿಲ್ಲ. ನಮಗೆ ತ, ಟ ನೀರು ಕುಡಿದಷ್ಟು ಸುಲಭ. ಆದರೆ ಮರಾಠಿಯ 'ಚಾಂಗಲಾ' (ಒಳ್ಳೆಯ) ಇದೆಯಲ್ಲ, ಅದರ ಮೊದಲಕ್ಷರ 'ತ್ಸಾ'ಕ್ಕೆ ಹತ್ತಿರ. ನಮ್ಮ ನಾಲಿಗೆ ಅಲ್ಲೇ ಎಡವುತ್ತದೆ. ಮೊಮ್ಮಗಳು ನಗೋದು ಇದಕ್ಕೇ ಇರಬೇಕು.

ಚಿಕ್ಕಂದಿನಲ್ಲಿ ಮಿದುಳಿನ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಕೊಂಡಿಗಳಿರುತ್ತವೆ. ಬಳಸದವು ಉದುರುತ್ತವೆ. ಆಮೇಲೆ ಕೆಲವು ನರಕೋಶಗಳ ಸುತ್ತ ಬಲೆಯಂಥ ಹೊದಿಕೆ ಬೆಳೆದು, ಉಳಿದ ಕೊಂಡಿಗಳನ್ನು ಹಿಡಿದಿಡುತ್ತದೆ. ಕಲಿತದ್ದು ನಿಲ್ಲಬೇಕಲ್ವಾ? ಮರ ಬಗ್ಗೋದು ಕಷ್ಟವಾಗೋದು ಅದಕ್ಕೇ.

ಇನ್ನರ್ಧಕ್ಕೆ ಗೂಬೆಯ ಕಥೆ. (ಗೂಬೆ ಅಂದೆನೆಂದು ಬೇಸರ ಬೇಡ.) ಅಮೆರಿಕದ ನರವಿಜ್ಞಾನಿ ಎರಿಕ್ ನುಡ್ಸನ್ ಗೂಬೆಗಳಿಗೆ ಪ್ರಿಸಂ ಕನ್ನಡಕ ಹಾಕಿದರು. ಕಾಣುವುದೆಲ್ಲ 23 ಡಿಗ್ರಿ ಪಕ್ಕಕ್ಕೆ ಸರಿಯಿತು. ಇಲಿ ಸದ್ದು ಮಾಡಿದರೆ ಕಿವಿ ತೋರಿಸುವ ಜಾಗ ಒಂದು, ಕಣ್ಣು ತೋರಿಸುವ ಜಾಗ ಇನ್ನೊಂದು. ಎಳೆಯ ಗೂಬೆಗಳ ಮಿದುಳು ಕಿವಿಯ ಲೆಕ್ಕವನ್ನೇ ತಿದ್ದಿಕೊಂಡಿತು. ದೊಡ್ಡವಕ್ಕೆ ಅದು ಹೆಚ್ಚೇನೂ ಆಗಲಿಲ್ಲ. ಆಮೇಲೆ ಅದೇ ತಂಡ ದೊಡ್ಡ ಗೂಬೆಗಳಿಗೆ ಮೊದಲು 6 ಡಿಗ್ರಿ ಕನ್ನಡಕ ಹಾಕಿತು. ಅದು ಒಗ್ಗಿದ ಮೇಲೆ 11. ಹೀಗೇ ಏರಿಸುತ್ತ ಹೋಯಿತು. ಅವೂ ಕಲಿತವು! ಎಳೆಯವುಗಳಷ್ಟು ಅಲ್ಲ. ಆದರೆ ಒಮ್ಮೆಲೇ ಹಾಕಿದಾಗ ಕಲಿತದ್ದಕ್ಕಿಂತ ಎಷ್ಟೋ ಹೆಚ್ಚು. ಇದು 2002ರ ಮಾತು.

ನನಗೆ ಇದು ಓದಿದಾಗ ನಮ್ಮ ದಾವಣಗೆರೆ ಪ್ರೆಸ್ಸಿನ ಹಿರಿಯರೊಬ್ಬರು ನೆನಪಾದರು. ಅಚ್ಚುಮೊಳೆ ಜೋಡಿಸುತ್ತಿದ್ದವರು, 50 ದಾಟಿದ ಮೇಲೆ ಕಂಪ್ಯೂಟರ್ ಮುಂದೆ ಕೂತರು. ವಾರಕ್ಕೆ ಐದೇ ಕೀ ಕಲಿಯುತ್ತೇನೆ ಅಂದರು. ನಾವೆಲ್ಲ ನಕ್ಕೆವು. ದೀಪಾವಳಿ ಸಂಚಿಕೆಯ ಅರ್ಧ ಪುಟಗಳನ್ನು ಅವರೇ ಟೈಪ್ ಮಾಡಿದರು.

ನೀವು 23 ಡಿಗ್ರಿ ಕನ್ನಡಕವನ್ನೇ ಹಾಕಿಕೊಂಡಿದ್ದೀರಿ, ಮೇಷ್ಟ್ರೇ. ವ್ಯಾಕರಣದ ಪುಸ್ತಕ ಸದ್ಯಕ್ಕೆ ಅಟ್ಟದ ಮೇಲಿಡಿ. ದಿನಾ ಸಂಜೆ ಮೊಮ್ಮಗಳ ಹತ್ತಿರ ಮೂರೇ ಮಾತು ಮರಾಠಿಯಲ್ಲಿ ಆಡಿ. ತಪ್ಪಾದರೆ ಅವಳೇ ತಿದ್ದಲಿ. ಇಷ್ಟು ವರ್ಷ ಕೆಂಪು ಪೆನ್ನು ನಿಮ್ಮ ಕೈಯಲ್ಲೇ ಇತ್ತಲ್ಲ.