ಉತ್ತರ: ಕಿಡ್ನಿ ಸಂಶೋಧನೆಯಿಂದ ಕುಲಪತಿ ಹುದ್ದೆಗೆ

ಶಿವಮೊಗ್ಗದಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದುತ್ತಿರುವ ನೀವು, ಕಿಡ್ನಿ ಸಂಶೋಧನೆ ಮಾಡಿದವರು ವಿಶ್ವವಿದ್ಯಾಲಯ ನಡೆಸೋ ಮಟ್ಟಕ್ಕೆ ಹೋಗ್ತಾರಾ ಅಂತ ಕೇಳಿದ್ದೀರಿ. ಹೋಗ್ತಾರೆ. ಬ್ರಿಟನ್‌ನ ಕಿಡ್ನಿ ತಜ್ಞ ಪೀಟರ್ ಮ್ಯಾಥಿಸನ್ ಅವರನ್ನೇ ನೋಡಿ: ಬ್ರಿಸ್ಟಲ್‌ನಲ್ಲಿ ಪೋಡೋಸೈಟ್ ಮೇಲೆ ಕೆಲಸ (ಕಿಡ್ನಿಯ ಸೋಸುವ ಜಾಲರಿಯ ಈ ಕೋಶ ಹಾಳಾದರೆ ಪ್ರೋಟೀನ್ ಸೋರಿ ಮೂತ್ರ ನೊರೆಯಾಗುತ್ತೆ), ಅಲ್ಲೇ ಡೀನ್, 2014ರಲ್ಲಿ ಹಾಂಗ್‌ಕಾಂಗ್ ವಿವಿ ಮುಖ್ಯಸ್ಥ, 2018ರಲ್ಲಿ ಎಡಿನ್‌ಬರೋ ವಿವಿ ಮುಖ್ಯಸ್ಥ.

ನಮ್ಮಲ್ಲಿ ದಾರಿ ಉದ್ದ. ಎಂಬಿಬಿಎಸ್ ನಂತರ ಎಂಡಿ ಮೆಡಿಸಿನ್ 3 ವರ್ಷ, ಡಿಎಂ ನೆಫ್ರಾಲಜಿ (ಕಿಡ್ನಿಯ ಸೂಪರ್ ಸ್ಪೆಷಾಲಿಟಿ) 3 ವರ್ಷ. ಯುಜಿಸಿಯ 2018ರ ನಿಯಮದಂತೆ ಕುಲಪತಿಗೆ ಪ್ರೊಫೆಸರ್ ಆಗಿ, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ, 10 ವರ್ಷದ ಅನುಭವ ಬೇಕು. ಹೆಚ್ಚಿನವರು ಎಡವೋದು ಡಿಎಂ ಆದ ಮೇಲೆ. ಡಯಾಲಿಸಿಸ್ ಘಟಕ ಇಡೀ ದಿನ ನುಂಗುತ್ತೆ, ಸಂಶೋಧನಾ ಬರವಣಿಗೆ ನಿಲ್ಲುತ್ತೆ.

ಈಗಲೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್‌ಗೆ, ಅಂದರೆ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕಿ, 2 ತಿಂಗಳ ಯೋಜನೆ. ಎಥಿಕ್ಸ್ ಸಮಿತಿ ಒಪ್ಪಿಗೆ ಮೊದಲು, ಸ್ಯಾಂಪಲ್ ಆಮೇಲೆ. ಹಳ್ಳಿಗಳಲ್ಲಿ ಕಿಡ್ನಿ ತಪಾಸಣೆ ಮಾಡೋದಾದರೆ, ಒಂದೇ ಸಲದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ನೋಡಿ ದೀರ್ಘಕಾಲೀನ ಕಿಡ್ನಿ ರೋಗ ಅಂತ ಬರೆಯಬೇಡಿ: ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) 60ಕ್ಕಿಂತ ಕಡಿಮೆ ಅಥವಾ ಮೂತ್ರದ ಅಲ್ಬುಮಿನ್ (ಒಂದು ಪ್ರೋಟೀನ್) ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಹೆಚ್ಚಿರುವ ಸ್ಥಿತಿ ಕನಿಷ್ಠ 3 ತಿಂಗಳು ಉಳಿದಿರಬೇಕು. ಅಂದರೆ ಮರುಪರೀಕ್ಷೆ 2 ತಿಂಗಳ ಯೋಜನೆಯಲ್ಲಿ ಹಿಡಿಸೋದಿಲ್ಲ. ಹಾಗಾಗಿ ತಪಾಸಣೆಯಷ್ಟಕ್ಕೇ ಪ್ರಶ್ನೆ ಇಟ್ಟುಕೊಳ್ಳಿ. ಮುಂದುವರಿಸೋದಾದರೆ ಮರುಭೇಟಿ ಅಡಿಕೆ ಕೊಯ್ಲಿಗೆ ಬೀಳದ ಹಾಗೆ ನೋಡಿ. ತೀರ್ಥಹಳ್ಳಿ ಕಡೆ ಆಗ ಜನ ಸಿಗೋದೇ ಇಲ್ಲ.